ಸಂಗ್ರಾಹಕರ ಪ್ರಶ್ನೋತ್ತರ: ಬಾಚಣಿಗೆ ತೊಟ್ಟ ಕ್ಷೌರದ ಕತ್ತಿ

ಪ್ರಶ್ನೆ: ನಮ್ಮ ಅಜ್ಜನವರ ಟ್ರಂಕಿನಲ್ಲಿ ಮಡಚುವ ಕ್ಷೌರದ ಕತ್ತಿಯೊಂದು ದೊರೆತಿದೆ. ಅಲಗಿನ ಬಾಯಿಗೆ ಹೊಂದಿಕೊಂಡಂತೆ ಬಾಚಣಿಗೆಯ ಹಲ್ಲುಗಳುಳ್ಳ ಲೋಹದ ಪಟ್ಟಿಯಿದ್ದು, ಅದನ್ನು ಸರಿಸಿ ತೆಗೆಯಬಹುದು. ಅಲಗಿನ ಬುಡದಲ್ಲಿ ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂದು ಒತ್ತಲಾಗಿದೆ. ಇದು ದಂಡಿನ ಬ್ರಿಟಿಷ್ ಅಧಿಕಾರಿಯದು, ಇನ್ನೂರು ವರ್ಷ ಹಳೆಯದು ಎಂದು ಕೌಲ್‌ಬಜಾರಿನ ವ್ಯಾಪಾರಿಯೊಬ್ಬರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಬಳ್ಳಾರಿ

ಉತ್ತರ: ಇನ್ನೂರು ವರ್ಷದ ಮಾತನ್ನು ಬಿಟ್ಟುಬಿಡಿ. ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಒತ್ತುವ ರೂಢಿ ವ್ಯಾಪಕವಾದದ್ದು ಬ್ರಿಟನ್ನಿನ 1887ರ ಸರಕು ಗುರುತುಗಳ ಕಾಯ್ದೆ ಹಾಗೂ ಅಮೆರಿಕದ 1890ರ ಸುಂಕದ ಕಾಯ್ದೆ ಜಾರಿಗೆ ಬಂದ ಮೇಲೆ. ಆದ್ದರಿಂದ ನಿಮ್ಮ ಕತ್ತಿ ಬಹುಮಟ್ಟಿಗೆ ಅದರ ಈಚಿನದು. ಬಳ್ಳಾರಿಯಲ್ಲಿ ದಂಡು ಇದ್ದದ್ದು ನಿಜವಾದರೂ ಕತ್ತಿಯ ಮೇಲೆ ಕೆತ್ತಿದ ಹೆಸರಾಗಲೀ ಜೊತೆಗೊಂದು ಕಾಗದವಾಗಲೀ ಇಲ್ಲದಿದ್ದರೆ ಆ ಅಧಿಕಾರಿ ವ್ಯಾಪಾರಿ ಹೇಳುವ ಬೆಲೆಯಲ್ಲಿ ಮಾತ್ರ ಬದುಕಿರುತ್ತಾನೆ.

ನಿಮ್ಮ ವಸ್ತುವಿನ ನಿಜವಾದ ವಿಶೇಷ, ಅಲಗು ಚರ್ಮಕ್ಕೆ ಆಳವಾಗಿ ಇಳಿಯದಂತೆ ತಡೆಯುವ ಆ ಹಲ್ಲುಪಟ್ಟಿ. ಬಡಗಿಯ ಉಜ್ಜುಗೊರಡಿನಲ್ಲಿ ಉಳಿಯ ಬಾಯಿ ಕೂದಲೆಳೆಯಷ್ಟೇ ಹೊರಗಿರುವುದನ್ನು ಕಂಡು, ಕತ್ತಿಗೂ ಅಂತಹುದೇ ಮರದ ಕವಚ ತೊಡಿಸಿದವನು 18ನೆಯ ಶತಮಾನದ ಫ್ರಾನ್ಸಿನ ಜಾನ್ ಜಾಕ್ ಪೆರೆ. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ಸನ್ ಹಿಡಿಗೆ ಅಡ್ಡವಾಗಿ, ಗುದ್ದಲಿಯಂತೆ, ಅಲಗನ್ನು ಕೂರಿಸಿ ಅದಕ್ಕೆ ಬಾಚಣಿಗೆ ಜೋಡಿಸಿದ. (ಉಗಿಯ ಬಲದಿಂದ ವಿಮಾನ ಹಾರಿಸಲು ಹೊರಟಿದ್ದವನೂ ಇವನೇ.) 1880ರಲ್ಲಿ ಅಮೆರಿಕದ ಕ್ಯಾಂಪ್ಫೆ ಸಹೋದರರು ತಮ್ಮ ‘ಸೇಫ್ಟಿ ರೇಜರ್’ಗೆ ಪೇಟೆಂಟ್ ಪಡೆದರು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಕೇವಲ 51 ರೇಜರುಗಳನ್ನು ಮಾರಿದ ಜಿಲೆಟ್ ಕಂಪನಿ ಮುಂದೆ ಇಡೀ ಮಾರುಕಟ್ಟೆಯನ್ನೇ ಬದಲಿಸಿತು. ಹಳೆಯ ಕತ್ತಿಯನ್ನು ಬಿಡಲೊಲ್ಲದ, ಆದರೆ ಕೆನ್ನೆ ಕೊಯ್ದುಕೊಳ್ಳಲು ಅಂಜುವ ಗಿರಾಕಿಗಾಗಿ ಮಾಡಿದ್ದು ನಿಮ್ಮಲ್ಲಿರುವಂತಹ ಕತ್ತಿ. ಅಮೆರಿಕದ ಡರ್ಹಮ್ ಡ್ಯೂಪ್ಲೆಕ್ಸ್ ಕಂಪನಿಯ ಕತ್ತಿ ಕೂಡ ನೋಟಕ್ಕೆ ಇದೇ ಬಗೆಯದಾದರೂ ಅದರ ಅಲಗನ್ನು ಬದಲಾಯಿಸಬಹುದು.

ಕಳಚಬಹುದಾದ ಪಟ್ಟಿ ಸುಲಭವಾಗಿ ಕಳೆದುಹೋಗುತ್ತದೆ. ಆದ್ದರಿಂದ ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ತೊಡಿಸಿ ಮಾರುವುದೂ ಉಂಟು. ಪಟ್ಟಿ ಕೂರುವ ಜಾಗದಲ್ಲಿ ಅಲಗಿನ ಮೇಲೆ ವರ್ಷಗಳ ತಿಕ್ಕಾಟದ ಗೀರು ಇರಬೇಕು, ಹಲ್ಲುಗಳ ಸಾಲು ಬಾಯಿಗೆ ಸಮಾನಾಂತರವಾಗಿರಬೇಕು, ಕಪ್ಪುಗಟ್ಟಿದ ಬಣ್ಣ ಪಟ್ಟಿಯ ಅಡಿಯಲ್ಲಿ ಬೇರೆಯಾಗಿ ಕಾಣಬೇಕು. ಹಲ್ಲುಗಳು ಬಾಯಿಗಿಂತ ತುಸು ಹೆಚ್ಚೇ ಮುಂದೆ ಚಾಚಿದ್ದರೆ ಕೂಡಲೇ ಅನುಮಾನಿಸಬೇಡಿ: ಸಾಣೆಕಲ್ಲಿಗೆ ಮತ್ತೆ ಮತ್ತೆ ಕೊಟ್ಟ ಅಲಗು ಅಗಲದಲ್ಲಿ ಸವೆದು ಹಿಂದೆ ಸರಿದಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಲಂತೂ ಹೋಗಬೇಡಿ. ನಾನು ಮೊದಲು ಕೊಂಡ ಕತ್ತಿಯನ್ನು ಹಾಗೆ ಉಜ್ಜಿ, ಅಲಗಿನ ಮೇಲೆ ಆಮ್ಲದಿಂದ ಮೂಡಿಸಿದ್ದ ತಯಾರಕರ ಹೆಸರನ್ನೇ ಅಳಿಸಿಬಿಟ್ಟೆ. ಈಗ ಅದು ಯಾರು ಮಾಡಿದ್ದೆಂದು ನನಗೂ ತಿಳಿಯದು.

ಪ್ರಶ್ನೆ: ನನ್ನಲ್ಲಿ ಇಂತಹ ಐದು ಕತ್ತಿಗಳಿವೆ. ಎಣ್ಣೆ ಸವರಿ ಕಬ್ಬಿಣದ ಅಲ್ಮೇರಾದಲ್ಲಿ ಇಟ್ಟಿದ್ದರೂ ಈ ಬೇಸಿಗೆಯಲ್ಲಿ ಹಳದಿ ಹಿಡಿಯುಳ್ಳ ಒಂದರ ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಭಾಗದಲ್ಲಿ ಮಾತ್ರ ತುಕ್ಕು ಹಿಡಿದಿದೆ. ರಾಯಚೂರಿನಂತಹ ಒಣ ಹವೆಯಲ್ಲಿ ಹೀಗೇಕೆ?
— ಓದುಗರು, ರಾಯಚೂರು

ಉತ್ತರ: ಇದು ಹವೆಯ ತಪ್ಪಲ್ಲ, ಹಿಡಿಯ ತಪ್ಪು. ಆ ಹಿಡಿ ಬಹುಶಃ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದು. ಬೆರಳಿನಿಂದ ಬಿಸಿಯಾಗುವವರೆಗೆ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದನ್ನು ತಯಾರಿಸುವಾಗ ಕರ್ಪೂರವನ್ನೇ ಬೆರೆಸುತ್ತಾರೆ. ಹಳೆಯದಾದ ಸೆಲ್ಯುಲಾಯ್ಡ್ ಕೊಳೆಯತೊಡಗಿದಾಗ ಅದರಿಂದ ಹೊರಡುವ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿರುವ ಅಲ್ಪಸ್ವಲ್ಪ ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ, ತೀರ ಹತ್ತಿರದಲ್ಲಿರುವ ಉಕ್ಕನ್ನು ಮೊದಲು ತಿನ್ನುತ್ತವೆ. ಶಾಖ ಈ ಕೊಳೆತವನ್ನು ಚುರುಕುಗೊಳಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಬಿಸಿಲು ಬೀಳುವ ಗೋಡೆಗೆ ಆತು ನಿಂತ ಕಬ್ಬಿಣದ ಅಲ್ಮೇರಾ ಒಲೆಗೆ ಸಮ.

ಆ ಕತ್ತಿಯನ್ನು ಇಂದೇ ಬೇರೆಯಾಗಿ ಇಡಿ, ಉಳಿದ ನಾಲ್ಕಕ್ಕೂ ಅದರ ಆವಿ ತಾಗದಿರಲಿ. ಗಾಳಿಯಾಡದ ಡಬ್ಬಿ ಬೇಡ, ಆಮ್ಲ ಅಲ್ಲಿಯೇ ತುಂಬಿಕೊಳ್ಳುತ್ತದೆ. ಮನೆಯ ಅತಿ ತಂಪಾದ ಕೋಣೆಯಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಅಲಗನ್ನು ಅರೆ ತೆರೆದು ಇಡಿ. ಕಾಯಿಸಿದ ಸೂಜಿ ಚುಚ್ಚಿ ಹಿಡಿಯನ್ನು ಪರೀಕ್ಷಿಸಬೇಡಿ, ಸೆಲ್ಯುಲಾಯ್ಡ್ ಧಗ್ಗನೆ ಹೊತ್ತಿಕೊಳ್ಳುವ ವಸ್ತು. ಎಣ್ಣೆಯ ವಿಷಯದಲ್ಲಿ ಕೊಬ್ಬರಿ ಎಣ್ಣೆ ಅಂಟುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಒರೆಸಿದರೆ ಸಾಕು, ಹಲ್ಲುಪಟ್ಟಿಯನ್ನು ಕಳಚಿ ಅದರ ಅಡಿಗೂ ಒರೆಸಿ.

ಪ್ರಶ್ನೆ: ದಂತದ ಹಿಡಿಯ, ಬಾಚಣಿಗೆಯುಳ್ಳ ಕತ್ತಿಯೊಂದನ್ನು ಕೊಳ್ಳಬಹುದೇ?
— ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಮಾಡಿದ ತಿದ್ದುಪಡಿಯ ನಂತರ ವಿದೇಶದಿಂದ ಬಂದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾಗಿದೆ. ವಸ್ತು ಹಳೆಯದು ಎಂಬ ಕಾರಣಕ್ಕೆ ಅದರ ಮಾರಾಟ ಸಕ್ರಮವಾಗುವುದಿಲ್ಲ. ಆದರೆ ‘ದಂತ’ವೆಂದು ಮಾರುವುದೆಲ್ಲ ದಂತವೂ ಅಲ್ಲ. ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ಮೂಳೆ, ಅಳತೆಪಟ್ಟಿ ಇಟ್ಟು ಎಳೆದಂತೆ ಸಮಸಮನಾದ ಗೆರೆಗಳು ಕಂಡರೆ ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್. ಎರಡನೆಯದಾಗಿದ್ದರೆ ರಾಯಚೂರಿನವರಿಗೆ ಹೇಳಿದ್ದು ನಿಮಗೂ ಅನ್ವಯಿಸುತ್ತದೆ.