ಹದಿನಾಲ್ಕು ಕಡತ, 280 ಬೈಟ್

ಬ್ಯಾಕಪ್ಪಿಗೆ ಎರಡನೆಯ ಡಿಸ್ಕ್ ಸಾಕೇ ಎಂದು ಕೇಳಿದ್ದೀರಿ. ನನ್ನ ಎರಡನೆಯ ಡಿಸ್ಕಿಗೆ ಏನೂ ಆಗಿರಲಿಲ್ಲ. ಇವತ್ತಿಗೂ ಗುಂಡುಕಲ್ಲಿನ ಹಾಗಿದೆ. ಆದರೂ ಎಂಟು ತಿಂಗಳ ಕೆಲಸ ಹೋಯಿತು.

ಸಂಘದ ದಾಖಲೆಯನ್ನೆಲ್ಲ ಸ್ವಂತ ಸರ್ವರಿನಲ್ಲಿಟ್ಟುಕೊಂಡು, ರಾತ್ರಿ ಡೇಟಾಬೇಸ್ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತೀರಿ. ಇದನ್ನು ಗಂಟೆಗೊಮ್ಮೆ ಮಾಡಬೇಕೇ, ಯಾವ ತಂತ್ರಾಂಶ ಒಳ್ಳೆಯದು ಎನ್ನುವುದು ನಿಮ್ಮ ಪ್ರಶ್ನೆ. ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳಿಕೊಂಡು ಕೂತಿದ್ದೆ.

ಬಸವನಗುಡಿಯಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮದೊಂದು ಸಣ್ಣ ಗ್ರಂಥಾಲಯವಿದೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಪುಸ್ತಕಗಳನ್ನೇ ಎರವಲು ಕೊಡಲು ಶುರು ಮಾಡಿದ್ದು; ಆಮೇಲೆ ಊರವರ ಪುಸ್ತಕಗಳೂ ಬಂದು ಸೇರಿದವು. ಅದಕ್ಕೆ ಪಟ್ಟಿ, ಓದುಗರ ಹೆಸರು, ಯಾರ ಕೈಯಲ್ಲಿ ಯಾವ ಪುಸ್ತಕ ಎಂಬ ಲೆಕ್ಕ ಎಲ್ಲವನ್ನೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಾನೇ ಕಟ್ಟಿಕೊಟ್ಟಿದ್ದೆ. ಮೇಷ್ಟ್ರ ಜೊತೆ ಕೆಲಸ ಮಾಡುತ್ತಿದ್ದ ಟೀಚರಮ್ಮ ಪ್ರತಿ ಪುಸ್ತಕದ ಮೊದಲ ಪುಟ ತೆರೆದು, ಅಲ್ಲಿ ಕೈಬರಹದಲ್ಲಿ ಇರುವುದನ್ನೆಲ್ಲ ಟೈಪ್ ಮಾಡುತ್ತಿದ್ದರು. ‘ಪ್ರೀತಿಯ ಅಕ್ಕನಿಗೆ ಮದುವೆಯ ಉಡುಗೊರೆ’, ‘ಬಹುಮಾನ, ಏಳನೆಯ ತರಗತಿ’, ಅಂಥವು. ಸಂಜೆ ನಾಲ್ಕರಿಂದ ಆರು, ವಾರಕ್ಕೆ ಐದು ದಿನ.

ಬ್ಯಾಕಪ್ ವಿಷಯದಲ್ಲಿ ನನಗೆ ಸಣ್ಣ ಜಂಬವೇ ಇತ್ತು. ರಾತ್ರಿ ಎರಡೂವರೆಗೆ, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್ ಎದ್ದು, ಡೇಟಾಬೇಸಿನ ಡಂಪ್, ಅಂದರೆ ಅದರಲ್ಲಿರುವುದನ್ನೆಲ್ಲ ಬರೆದಿಟ್ಟ ಒಂದು ಕಡತ, ತೆಗೆದು, ಜಿಜಿಪ್ ಎಂಬ ಸಾಧನದಿಂದ ಕುಗ್ಗಿಸಿ, ಎರಡನೆಯ ಡಿಸ್ಕಿಗೆ ಹಾಕುತ್ತಿತ್ತು. ಅಲ್ಲಿಂದ ಒಂದು ಪ್ರತಿ ನನ್ನ ಮನೆಗೆ, ಇನ್ನೊಂದು ಬಾಡಿಗೆ ಕ್ಲೌಡಿಗೆ. ಹದಿನಾಲ್ಕು ದಿನಕ್ಕಿಂತ ಹಳೆಯದು ಮೂರೂ ಕಡೆ ತಾನಾಗಿಯೇ ಅಳಿಯುತ್ತಿತ್ತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ ಎಂಬ 3-2-1 ಸೂತ್ರವನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೂತ್ರ ಸರಿಯಾದದ್ದೇ. ನಾನು ಅದನ್ನು ಅಕ್ಷರಶಃ ಪಾಲಿಸಿದ್ದೆ.

2019ರ ಮೇ ತಿಂಗಳ ಒಂದು ಸಂಜೆ ಗಾಳಿ ಮಳೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದು. ಮರುದಿನ ಟೀಚರಮ್ಮ ಫೋನ್ ಮಾಡಿದರು: “ಕಂಪ್ಯೂಟರ್ ಏಳುತ್ತಿಲ್ಲಪ್ಪಾ. ಒಳಗೆ ಯಾರೋ ಲಟಿಕೆ ಮುರಿದ ಹಾಗೆ ಸದ್ದು ಬರುತ್ತಿದೆ.”

“ಬ್ಯಾಕಪ್ ಇದೆ ಅಮ್ಮಾ, ಯೋಚನೆ ಮಾಡಬೇಡಿ” ಎಂದೆ. ನಿಜಕ್ಕೂ ನನಗೆ ಯೋಚನೆ ಇರಲಿಲ್ಲ. ಎಸ್.ಪಿ. ರಸ್ತೆಗೆ ಹೋಗಿ ಹೊಸ ಡಿಸ್ಕ್ ಕೊಂಡು, ದಾರಿಯಲ್ಲಿ ಗೆಳೆಯನೊಬ್ಬ ಸಿಕ್ಕನೆಂದು ಬೈಟೂ ಕಾಫಿ ಕುಡಿದು, ಆರಾಮವಾಗಿ ಗ್ರಂಥಾಲಯಕ್ಕೆ ಹೋದೆ. ಲಿನಕ್ಸ್ ಹಾಕಿ, ಹಿಂದಿನ ರಾತ್ರಿಯ ಕಡತವನ್ನು ಡೇಟಾಬೇಸಿಗೆ ತುಂಬಲು ಆದೇಶ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹೊಸ ಡಿಸ್ಕ್ ಎಷ್ಟು ಚುರುಕಾಗಿದೆ ಎಂದುಕೊಂಡೆ! ಪಟ್ಟಿ ತೆರೆದರೆ ಟೇಬಲ್ ಇಲ್ಲ ಎಂಬ ದೋಷ ಬಂತು. ಆಗ ಮೊದಲ ಬಾರಿಗೆ ಕಡತದ ಗಾತ್ರ ನೋಡಿದೆ. 20 ಬೈಟ್.

ಅದರ ಹಿಂದಿನ ದಿನದ್ದೂ 20 ಬೈಟ್. ಅದರ ಹಿಂದಿನದೂ ಅಷ್ಟೇ. ಹದಿನಾಲ್ಕು ಕಡತ, ಒಟ್ಟು 280 ಬೈಟ್. ಮನೆಯ ಪ್ರತಿಯೂ ಹಾಗೆಯೇ, ಕ್ಲೌಡಿನದೂ ಹಾಗೆಯೇ. ಯುನಿಕೋಡ್ ಕನ್ನಡವನ್ನು ಕಡತದಲ್ಲಿ ಬರೆಯುವಾಗ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಗ್ರಂಥಾಲಯ’ ಎಂಬ ಪದವೊಂದಕ್ಕೇ 24 ಬೈಟ್. ನಮ್ಮ ಇಡೀ ಗ್ರಂಥಾಲಯ 20ರಲ್ಲಿ ಕೂತಿತ್ತು.

ಈಗ ತಪ್ಪು ಎಲ್ಲಿ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಹಿಂದಿನ ವರ್ಷ ಕಡಲೆಕಾಯಿ ಪರಿಷೆಯ ವಾರ. ಸಹಾಯಕ್ಕೆ ಬರುತ್ತಿದ್ದ ಹುಡುಗನೊಬ್ಬ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲವೆಂದು ನಾನು ಮನೆಯಲ್ಲೇ ಕೂತು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತ, ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿಸಿದೆ. ಪಟ್ಟಿಯ ಪ್ರೋಗ್ರಾಮಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿದೆ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಹಾಕಲು ಮರೆತೆ.

ಮರೆವು ಸಹಜ, ಅದನ್ನು ನಾನು ದೊಡ್ಡ ತಪ್ಪೆನ್ನುವುದಿಲ್ಲ. ಅಂದಿನ ರಾತ್ರಿಯಿಂದಲೇ ಡಂಪ್ ಆದೇಶ ಬಾಗಿಲಲ್ಲೇ ಸೋತು ಹಿಂತಿರುಗುತ್ತಿತ್ತು. ಆದರೆ ನನ್ನ ಸ್ಕ್ರಿಪ್ಟ್ ಪ್ರತಿ ರಾತ್ರಿ ‘ಯಶಸ್ವಿ’ ಎಂದು ಬರೆದುಕೊಳ್ಳುತ್ತಿತ್ತು. ಯಾಕೆಂದರೆ ಡಂಪ್ ಮತ್ತು ಜಿಜಿಪ್ ನಡುವೆ, ಒಂದು ಆದೇಶ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಇತ್ತು. ಯಶವಂತಪುರದ ಮಂಡಿಯಲ್ಲಿ ಒಬ್ಬ ಚೀಲ ತುಂಬುತ್ತಾನೆ, ಪಕ್ಕದವನು ಬಾಯಿ ಹೊಲಿಯುತ್ತಾನೆ ಎಂದುಕೊಳ್ಳಿ. ಮೇಸ್ತ್ರಿ ಕೇಳುವುದು ಕೊನೆಯವನನ್ನು ಮಾತ್ರ: ಆಯಿತೇ? ಹೊಲಿದೆ ಸ್ವಾಮಿ, ಎನ್ನುತ್ತಾನೆ ಅವನು. ಅವನು ಸುಳ್ಳು ಹೇಳುತ್ತಿಲ್ಲ. ತುಂಬುವವನು ಅಂದು ಬಂದಿದ್ದನೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಆದೇಶಗಳನ್ನು ನಡೆಸುವ ಶೆಲ್‌ನಲ್ಲಿ ಪೈಪಿನ ಫಲಿತಾಂಶವೆಂದರೆ ಸಾಮಾನ್ಯವಾಗಿ ಕೊನೆಯ ಆದೇಶದ ಫಲಿತಾಂಶ. ಜಿಜಿಪ್ ಬರಿಗಾಳಿಯನ್ನು ಶಿಸ್ತಾಗಿ ಕುಗ್ಗಿಸಿತು: ತಲೆಬರಹಕ್ಕೆ 10 ಬೈಟ್, ಖಾಲಿ ದಿಂಡಿಗೆ 2, ಕೊನೆಯ ತಾಳೆಪಟ್ಟಿಗೆ 8. ಜಿಜಿಪ್‌ನಿಂದಲೇ ಆ ಕಡತವನ್ನು ಪರೀಕ್ಷೆ ಮಾಡಿಸಿದರೂ ದೋಷವಿಲ್ಲ ಎನ್ನುತ್ತದೆ. ಚೀಲದ ಹೊಲಿಗೆ ಗಟ್ಟಿಯಾಗಿದೆಯಲ್ಲ!

ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನದೇ ಸ್ಕ್ರಿಪ್ಟ್ ಹಳೆಯ ಒಳ್ಳೆಯ ಬ್ಯಾಕಪ್‌ಗಳನ್ನೆಲ್ಲ ಒಂದೊಂದಾಗಿ ಗುಡಿಸಿ ಹಾಕಿತ್ತು. ಕ್ರಾನ್ ಪಾಪ ದೋಷದ ಸುದ್ದಿಯನ್ನು ಪ್ರತಿ ರಾತ್ರಿ ಅಂಚೆಗೆ ಹಾಕಿತ್ತು, ಅದೇ ಯಂತ್ರದೊಳಗಿನ ಅಂಚೆಪೆಟ್ಟಿಗೆಗೆ. ಅದನ್ನು ನಾನು ಒಮ್ಮೆಯೂ ತೆರೆದವನಲ್ಲ. ಆ ಕಾಗದಗಳೂ ಲಟಿಕೆ ಮುರಿಯುತ್ತಿದ್ದ ಡಿಸ್ಕಿನಲ್ಲೇ ಉಳಿದವು.

ಡಿಸ್ಕನ್ನು ದುರಸ್ತಿಯವರಿಗೆ ತೋರಿಸಿದೆ. ತಟ್ಟೆಯೇ ಗೀರುಬಿದ್ದಿದೆ, ಆಸೆ ಬಿಡಿ ಎಂದರು. ಕೊನೆಗೆ ಉಳಿದದ್ದು ಹಿಂದಿನ ಗಣೇಶನ ಹಬ್ಬದ ಹೊತ್ತಿಗೆ ಹುಡುಕುವ ಸೌಲಭ್ಯವನ್ನು ಪರೀಕ್ಷಿಸಲೆಂದು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ಒಂದು ಪ್ರತಿ. ಅದು ಬ್ಯಾಕಪ್ ಎಂದು ತೆಗೆದದ್ದೇ ಅಲ್ಲ.

ದೊಡ್ಡವರಿಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ತೆರೆದು ನೋಡಿದರೆ ಏನೂ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ಅವರ ಡೇಟಾಬೇಸಿನ 9.6ನೆಯ ಆವೃತ್ತಿಗೆ ಹಳೆಯ 9.2ರ ಡಂಪ್ ಸಾಧನ ಓಡುತ್ತಿತ್ತು, ಸೋಲುತ್ತಿತ್ತು. ಸೋಲಿನ ಇಮೇಲ್‌ಗಳು ತಲುಪದೆ ತಿರಸ್ಕೃತವಾಗುತ್ತಿದ್ದವು. ಅವರನ್ನು ಉಳಿಸಿದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಪ್ರತಿ. ಅವರು ಅದನ್ನೆಲ್ಲ ಮುಚ್ಚಿಡದೆ ಬರೆದರು. ಅದನ್ನು ಓದಿದಾಗ ನನಗೆ ಸಮಾಧಾನವಾಯಿತು ಎನ್ನಲಾರೆ, ಅವರದು ಆರು ಗಂಟೆ, ನನ್ನದು ಎಂಟು ತಿಂಗಳು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಎಂದು ಹೇಳುತ್ತಿದ್ದೇನೆ, ಬೇಸರಪಡಬೇಡಿ. ಗಂಟೆಗೊಮ್ಮೆ ಮಾಡಿದ್ದರೆ ನನ್ನ ಬಳಿ 20 ಬೈಟಿನ ಕಡತಗಳು ಇನ್ನಷ್ಟು ಇರುತ್ತಿದ್ದವು, ಅಷ್ಟೇ. ಯಾವ ತಂತ್ರಾಂಶ ಎನ್ನುವುದೂ ಆಮೇಲಿನ ಮಾತು. ನಿಮ್ಮ ಬ್ಯಾಕಪ್ಪಿನಿಂದ ಖಾಲಿ ಯಂತ್ರವೊಂದರಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡಿದ್ದು ಯಾವತ್ತು? ಇದಕ್ಕೆ ತಾರೀಖು ಹೇಳಲಾಗದಿದ್ದರೆ ನಿಮ್ಮ ಬಳಿ ಬ್ಯಾಕಪ್ ಇಲ್ಲ, ಇದೆ ಎಂಬ ನಂಬಿಕೆ ಇದೆ.

ಇನ್ನು ಫೋಲ್ಡರ್ ನಕಲು ಮಾಡುವುದನ್ನು ಇವತ್ತೇ ನಿಲ್ಲಿಸಿ. ಡೇಟಾಬೇಸ್ ಓಡುತ್ತಿರುವಾಗ ಅದರ ಕಡತಗಳನ್ನು ನಕಲು ಮಾಡುವುದೆಂದರೆ ಶಾನುಭೋಗರು ಬರೆಯುತ್ತಿರುವಾಗಲೇ ಖಾತೆ ಪುಸ್ತಕದ ಫೋಟೋ ತೆಗೆದ ಹಾಗೆ. ಜಮೆ ಒಂದು ಪುಟದಲ್ಲಿ ಇರುತ್ತದೆ, ಖರ್ಚು ಇನ್ನೊಂದರಲ್ಲಿ ಬಂದಿರುವುದಿಲ್ಲ. ಡಂಪ್ ತೆಗೆಯಿರಿ, ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಹಾಕಿ. ಟೇಬಲ್‌ಗಳನ್ನು ಮೈಎಸ್‌ಕ್ಯೂಎಲ್ ಇಡುವ ಬಗೆ ಇನೋಡಿಬಿ ಆಗಿದ್ದರೆ ಯಾರ ಕೆಲಸವೂ ನಿಲ್ಲದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಹಳೆಯ ಮೈಐಸಾಮ್ ಆಗಿದ್ದರೆ ಸಿಗುವುದಿಲ್ಲ, ಮೊದಲು ಬದಲಾಯಿಸಿಕೊಳ್ಳಿ. ಒಂದನ್ನೇ ಎರಡು ಡಿಸ್ಕಿಗೆ ಒಟ್ಟಿಗೆ ಬರೆಯುವ ರೇಡ್ ಇದೆಯಲ್ಲ ಎನ್ನುವವರ ಮಾತು ಕೇಳಬೇಡಿ. ಈ ಡಿಸ್ಕಿನಲ್ಲಿ ಅಳಿಸಿದ್ದನ್ನು ರೇಡ್ ಆ ಡಿಸ್ಕಿನಲ್ಲೂ ತಕ್ಷಣ ಅಳಿಸುತ್ತದೆ.

ಸ್ಕ್ರಿಪ್ಟನ್ನು ಬ್ಯಾಶ್ ಎಂಬ ಶೆಲ್‌ನಲ್ಲಿ ಬರೆದು ‘ಪೈಪ್‌ಫೇಲ್’ ಆಯ್ಕೆ ಹಾಕಿ. ಆಗ ಚೀಲ ತುಂಬುವವನು ಬಾರದಿದ್ದರೂ ಮೇಸ್ತ್ರಿಗೆ ಗೊತ್ತಾಗುತ್ತದೆ. ಡಂಪ್ ಪೂರ್ತಿಯಾದರೆ ಕೊನೆಯ ಸಾಲಿನಲ್ಲಿ ಮುಗಿಯಿತೆಂದು ಅದೇ ಬರೆಯುತ್ತದೆ, ಆ ಸಾಲನ್ನು ಹುಡುಕಿ. ಅದು ಸಿಕ್ಕ ಮೇಲೆ ಮಾತ್ರ ಹಳೆಯದನ್ನು ಅಳಿಸಿ. ನಾನು ಈಗ ತಿಂಗಳಿಗೊಂದನ್ನು ಅಳಿಸುವುದೇ ಇಲ್ಲ. ಒಂದು ಡಿಸ್ಕ್ ಮೈಸೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಯುಗಾದಿಗೆ, ದಸರೆಗೆ ಹೋದಾಗ ಬದಲಾಯಿಸಿ ಬರುತ್ತೇನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಕಂಪನಿಯ ಡೇಟಾ ಕೇಂದ್ರ ಸುಟ್ಟಾಗ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. ಅಕ್ಕ ಮಾತ್ರ ಆ ಡಿಸ್ಕನ್ನು ಇನ್ನೂ ನನ್ನ ಹಳೆಯ ಮೊಬೈಲ್ ಚಾರ್ಜರ್ ಎಂದೇ ತಿಳಿದಿದ್ದಾಳೆ.

ಎಚ್ಚರಿಕೆಯ ಇಮೇಲನ್ನು ನಾನು ನಂಬುವುದಿಲ್ಲ. ಬೆಳಿಗ್ಗೆ ಏಳಕ್ಕೆ ನನ್ನ ಮತ್ತು ಟೀಚರಮ್ಮನ ಫೋನಿಗೆ ಒಂದು ಸಂದೇಶ ಬರುತ್ತದೆ, ರಾತ್ರಿಯ ಬ್ಯಾಕಪ್ಪಿನೊಳಗೆ ಎಷ್ಟು ಪುಸ್ತಕ, ಎಷ್ಟು ಟಿಪ್ಪಣಿ ಎಂದು. ಸಂಖ್ಯೆ ಏರದಿದ್ದರೆ ಅವರು ಏಳೂಕಾಲಿಗೆ ಫೋನ್ ಮಾಡುತ್ತಾರೆ. ನಿನ್ನೆ ಒಂಬತ್ತು ಬರೆದಿದ್ದೆನಲ್ಲಪ್ಪಾ, ಎಂಟೇ ತೋರಿಸುತ್ತಿದೆ ಎಂದು. ಯಾವ ತಂತ್ರಾಂಶವೂ ಇಷ್ಟು ಮಾಡಲಾರದು.

ಕಳೆದುಹೋದ ಟಿಪ್ಪಣಿಗಳನ್ನು ಅವರು ಜೂನ್ ತಿಂಗಳಿನಿಂದ ಮತ್ತೆ ಬರೆಯತೊಡಗಿದರು, ನನಗೆ ಒಂದು ಮಾತೂ ಅನ್ನದೆ. ಅಂದಿದ್ದರೆ ಚೆನ್ನಾಗಿತ್ತು. ಎರವಲು ಲೆಕ್ಕ ಹೋಗಿದ್ದರಿಂದ ಮೇಷ್ಟ್ರು ಬಾಗಿಲಿಗೆ ಚೀಟಿ ಅಂಟಿಸಿದರು: ‘ನಿಮ್ಮಲ್ಲಿರುವ ಪುಸ್ತಕಗಳನ್ನು ದಯವಿಟ್ಟು ತಂದು ತೋರಿಸಿ.’ ಹೆಚ್ಚಿನವರು ತಂದರು. ಒಬ್ಬರು ಹತ್ತು ವರ್ಷ ಹಿಂದೆ, ಡೇಟಾಬೇಸೇ ಇಲ್ಲದಾಗ ಒಯ್ದಿದ್ದನ್ನೂ ತಂದರು.

ಈಗ ತಿಂಗಳ ಮೊದಲ ಭಾನುವಾರ ಹಳೆಯ ಲ್ಯಾಪ್‌ಟಾಪೊಂದನ್ನು ಪೂರ್ತಿ ಒರೆಸಿ, ಬ್ಯಾಕಪ್ಪಿನಿಂದಲೇ ಎಬ್ಬಿಸುತ್ತೇನೆ. ಮೇಷ್ಟ್ರು ಕಣ್ಣು ಮುಚ್ಚಿ ಕಪಾಟಿನಿಂದ ಒಂದು ಪುಸ್ತಕ ಎಳೆಯುತ್ತಾರೆ, ಅದನ್ನು ಪಟ್ಟಿಯಲ್ಲಿ ಹುಡುಕಿ ಮೊದಲ ಪುಟದ ಬರಹವನ್ನು ಜೋರಾಗಿ ಓದಬೇಕು. ಮೊದಲ ಸಲ ಬರಹವೆಲ್ಲ ಸರಿಯಾಗಿ ಬಂತು, ಮುಖಪುಟದ ಚಿತ್ರವಿದ್ದ ಜಾಗದಲ್ಲಿ ಮಾತ್ರ ಖಾಲಿ ಚೌಕ. ಚಿತ್ರಗಳ ಫೋಲ್ಡರ್ ಡೇಟಾಬೇಸಿನ ಹೊರಗಿತ್ತು. ಡಂಪ್ ಅದನ್ನು ಮುಟ್ಟುವುದೇ ಇಲ್ಲ. “ಇದೊಂದು ಉಳಿದಿತ್ತೇ?” ಎಂದರು ಮೇಷ್ಟ್ರು. ಅಂದು ಸಂಜೆ ಅದನ್ನೂ ಸೇರಿಸಿದೆ. ನಿಮ್ಮಲ್ಲೂ ರಸೀತಿಗಳ ಸ್ಕ್ಯಾನ್ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.