ನಂದಾ ಕೆರೆಯ ಮೂರು ಬಾಟಲಿ ನೀರಿನಲ್ಲಿ ಮೂರು ಬಗೆಯ ಜೀವಿಗಳು ಸಿಕ್ಕಿದ್ದೇಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಅಕ್ಟೋಬರಿನ ಒಂದು ಬೆಳಿಗ್ಗೆ ಗೋವಾದ ಕುಡಚಡೆಯ ನಂದಾ ಕೆರೆಯಲ್ಲಿ ನಡುನೀರು, ಕಳೆ ತುಂಬಿದ ಅಂಚು ಮತ್ತು ತಳದ ಕೆಸರು, ಈ ಮೂರು ಕಡೆಯಿಂದ ಮಾದರಿ ತೆಗೆದಿರಿ, ಮೂರರಲ್ಲೂ ಬೇರೆ ಬೇರೆ ಸೂಕ್ಷ್ಮ ಕ್ರಸ್ಟೇಶಿಯನ್‌ಗಳು, ಅಂದರೆ ಸಿಗಡಿ-ಏಡಿಗಳ ಬಳಗದ ಪುಟ್ಟ ಜೀವಿಗಳು, ಕಂಡವು, ಎಲ್ಲೋ ತಪ್ಪಾಗಿರಬೇಕು, ಮೂರನ್ನೂ ಒಂದೇ ಬಕೆಟ್ಟಿಗೆ ಸುರಿದು ಎಣಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ. ಆ ವ್ಯತ್ಯಾಸವೇ ನಿಮಗೆ ಸಿಕ್ಕಿರುವ ಫಲಿತಾಂಶ. ನಾನು ಮಡಗಾಂವಿನಲ್ಲಿ ಹಲವು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಆರಂಭದಲ್ಲಿ ಹಾಗೆ ಸುರಿದು ಒಂದು ಇಡೀ ವರ್ಷದ ಕೆಲಸ ಕೆಡಿಸಿಕೊಂಡ ಅನುಭವವೂ ನನಗಿದೆ.

2022ರಲ್ಲಿ ಗೋವಾದ ಮೊದಲ ರಾಮ್ಸರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಪಟ್ಟಿಗೆ ಸೇರಿದ) ನಂದಾ ಕೆರೆ ಕೇವಲ 42 ಹೆಕ್ಟೇರಿನದು, ಜುವಾರಿ ನದಿಯ ಉಪನದಿಯೊಂದರ ಮಗ್ಗುಲಿನ ಸಿಹಿನೀರಿನ ಜೌಗು. ಇಂತಹ ನೆರೆಬಯಲಿನ ಕೆರೆ ಆಳವಿಲ್ಲದ್ದು. ಬಿಸಿಲು ತಳದವರೆಗೆ ಇಳಿಯುವಲ್ಲೆಲ್ಲ ಸಸ್ಯ ಬೆಳೆಯುತ್ತದೆ. ಆದ್ದರಿಂದ ಇಲ್ಲಿನ ವೈವಿಧ್ಯದ ಬಹುಪಾಲು ನಡುನೀರಿನಲ್ಲಿ ತೇಲುವುದಿಲ್ಲ, ಕಳೆಯನ್ನು ಹಿಡಿದುಕೊಂಡಿರುತ್ತದೆ. ಅಸ್ಸಾಮಿನ ಬೀಲ್‌ಗಳು (ನೆರೆಬಯಲಿನ ಕೆರೆಗಳು) ಮತ್ತು ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಶಿಲ್ಲಾಂಗಿನ ಬಿ.ಕೆ. ಶರ್ಮಾ ಮತ್ತು ಸುಮಿತಾ ಶರ್ಮಾ ದಶಕಗಳ ಕಾಲ ನಡೆಸಿದ ಅಧ್ಯಯನಗಳಲ್ಲಿಯೂ ನೀರುಚಿಗಟಗಳ, ಅಂದರೆ ಕ್ಲಾಡೊಸೆರಾಗಳ, ಪಟ್ಟಿಯಲ್ಲಿ ಮೇಲುಗೈ ಇರುವುದು ದಡದ ಕಳೆಯಲ್ಲಿ ವಾಸಿಸುವ ಕೈಡೊರಿಡೇ ಕುಟುಂಬಕ್ಕೆ. ದೋಣಿಯಿಂದ ಬಲೆ ಎಳೆದು ಮುಗಿಸಿದವರಿಗೆ ಕೆರೆ ಬಡವಾಗಿ ಕಾಣುವುದು ಇದರಿಂದಲೇ.

ಕಳೆಯ ಬಾಟಲಿಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಗುಂಡಗೆ, ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾಗಿ ಉರುಳಾಡುವಂತೆ ಕಾಣುವುದು ಕೈಡೊರಸ್ ಬಳಗದ ನೀರುಚಿಗಟ. ಅದು ಎಲೆಯ ಮೇಲಿನ ಪಾಚಿಯ ಲೋಳೆಯನ್ನು ಕಾಲುಗಳಿಂದ ಕೆರೆದು ತಿನ್ನುತ್ತದೆ. ಸೈಮೊಸೆಫಲಸ್ ಎಂಬ ಇನ್ನೊಂದು ನೀರುಚಿಗಟ ಎಲೆಗೆ ಬೆನ್ನು ಅಂಟಿಸಿಕೊಂಡು ನಿಂತಲ್ಲೇ ನೀರು ಸೋಸುತ್ತದೆ. ಸ್ಕಾಫೊಲೆಬೆರಿಸ್ ಹೊಟ್ಟೆ ಮೇಲಾಗಿ ನೀರಿನ ಮೇಲ್ಪೊರೆಯ ಕೆಳಗೆ ತೂಗಾಡುತ್ತದೆ. ಬಾಟಲಿಯನ್ನು ಒಮ್ಮೆ ಅಲ್ಲಾಡಿಸಿದರೆ ಆ ನೋಟ ತಪ್ಪಿಹೋಗುತ್ತದೆ. ಕೆಸರಿನದು ಇಲಿಯೋಕ್ರಿಪ್ಟಸ್ ಆಗಿದ್ದರೆ ಬೆನ್ನಿನ ಚಿಪ್ಪಿನಲ್ಲಿ ಪದರಗಳು ಕಾಣಬಹುದು, ಏಕೆಂದರೆ ಈ ಜಾತಿಯ (ಜೀನಸ್) ಹೆಚ್ಚಿನ ಪ್ರಭೇದಗಳು ಪೊರೆ ಬಿಟ್ಟರೂ ಹಳೆಯ ಚಿಪ್ಪನ್ನು ಕಳಚದೆ ಹೊತ್ತುಕೊಂಡೇ ತಿರುಗುತ್ತವೆ. ನಡುನೀರಿನಲ್ಲಿ ಸಾಮಾನ್ಯವಾಗಿ ಸಿಗುವವು ಡಯಾಫನೊಸೋಮಾದಂತಹ ಪಾರದರ್ಶಕ ಈಜುಗಾರರು ಮತ್ತು ಕೋಪಿಪಾಡ್‌ಗಳು ಎಂಬ ಮತ್ತೊಂದು ಗುಂಪಿನ ಪುಟ್ಟ ಕ್ರಸ್ಟೇಶಿಯನ್‌ಗಳು.

ಕೋಪಿಪಾಡ್‌ಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಮೀಸೆ ಬಾಲದವರೆಗೆ ಚಾಚಿದ್ದು, ಹೆಣ್ಣಿಗೆ ಒಂದೇ ಮೊಟ್ಟೆಚೀಲವಿದ್ದರೆ ಕ್ಯಾಲನಾಯ್ಡ್; ಮೀಸೆ ಮೋಟಾಗಿ ಅಕ್ಕಪಕ್ಕ ಎರಡು ಚೀಲಗಳಿದ್ದರೆ ಸೈಕ್ಲೊಪಾಯ್ಡ್. ಎರಡನೆಯದು ಕನ್ನಡಿಗರಿಗೆ ಹೊಸತಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಅಜ್ಜಿ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಕುಡಿಯಗೊಡುತ್ತಿರಲಿಲ್ಲ. ನಾರುಹುಣ್ಣಿನ ಮರಿಹುಳು ಮನುಷ್ಯನ ಹೊಟ್ಟೆ ಸೇರುತ್ತಿದ್ದುದು ನೀರಿನಲ್ಲಿದ್ದ ಸೈಕ್ಲೊಪ್ಸ್ ಮೂಲಕ, ಅಂದರೆ ಇದೇ ಸೈಕ್ಲೊಪಾಯ್ಡ್ ಗುಂಪಿನ ಜೀವಿಗಳ ಮೂಲಕ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಿತವಾಗುವುದರಲ್ಲಿ ಆ ಬಟ್ಟೆಯ ಪಾಲೂ ಇದೆ.

ಜಾಗದಷ್ಟೇ ಮುಖ್ಯವಾದುದು ತಿಂಗಳು. ಮಳೆಗಾಲದಲ್ಲಿ ನದಿ, ಗದ್ದೆ, ಕೆರೆ ಒಂದಾದಾಗ ನೀರಿನ ಜೊತೆ ಜೀವಿಗಳೂ ಅಲ್ಲಿಂದಿಲ್ಲಿಗೆ ಹರಿದಾಡುವುದರಿಂದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಪಟ್ಟಿ ಸಿಗುತ್ತದೆ, ಜೊತೆಗೆ ನೀರು ಹೆಚ್ಚಾದ್ದರಿಂದ ಸಂಖ್ಯೆ ತೆಳುವಾಗುತ್ತದೆ. ನೆರೆ ಇಳಿದ ಮೇಲೆ ಒಂದೊಂದು ಹೊಂಡವೂ ತನ್ನ ಮೀನು, ಕಳೆ ಮತ್ತು ರಾಡಿಗೆ ತಕ್ಕಂತೆ ಬೇರೆಯಾಗುತ್ತ ಹೋಗುತ್ತದೆ. ನೆರೆಯ ಏರಿಳಿತವೇ ಇಂತಹ ನದಿಗಳ ಜೀವಜಾಲವನ್ನು ನಡೆಸುತ್ತದೆ ಎಂದು ಜುಂಕ್, ಬೇಯ್ಲಿ ಮತ್ತು ಸ್ಪಾರ್ಕ್ಸ್ ಎಂಬ ವಿಜ್ಞಾನಿಗಳು 1989ರಲ್ಲಿ ಮಂಡಿಸಿದರು. ಮೀನುಗಳು ದೊಡ್ಡ ಗಾತ್ರದವನ್ನು ಮೊದಲು ಆರಿಸಿ ತಿನ್ನುತ್ತವೆ ಎಂಬುದನ್ನು ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಪಠ್ಯಪುಸ್ತಕದಲ್ಲಿ ಕಾಣುವ ದಪ್ಪ ನೀರುಚಿಗಟ ಡಾಫ್ನಿಯಾ ನಿಮ್ಮ ಬಾಟಲಿಯಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಡಿ.

ಹೆಸರಿಡುವಾಗ ಅವಸರ ಬೇಡ. ಗುಂಡಗಿರುವುದನ್ನೆಲ್ಲ ಕೈಡೊರಸ್ ಸ್ಫೆರಿಕಸ್ ಎಂದು ಬರೆದುಬಿಡುವ ಹಳೆಯ ಚಟ ನಮ್ಮಲ್ಲಿದೆ. ಆ ಹೆಸರು 18ನೆಯ ಶತಮಾನದಲ್ಲಿ ಡೆನ್ಮಾರ್ಕಿನ ಒ.ಎಫ್. ಮುಲ್ಲರ್ ಕೊಟ್ಟದ್ದು, ಮತ್ತು ಅದರಡಿಯಲ್ಲಿ ಹಲವು ಪ್ರಭೇದಗಳು ಸೇರಿಕೊಂಡಿವೆ ಎಂದು ಈಗ ತಿಳಿದಿದೆ. ಖಚಿತವಾಗದಿದ್ದರೆ ಜಾತಿಯ ಮಟ್ಟದಲ್ಲಿ ನಿಲ್ಲಿಸಿ; ಯಾರೂ ಬೈಯುವುದಿಲ್ಲ.

ಮಾದರಿಯನ್ನು ತಿಂಗಳಿಗೊಮ್ಮೆ, ಅದೇ ಮೂರು ಕಡೆಗಳಲ್ಲಿ, ಅದೇ ಹೊತ್ತಿಗೆ ತೆಗೆಯಿರಿ. ಕಳೆಯನ್ನು ಬಕೆಟ್ಟಿನ ನೀರಿನಲ್ಲಿ ಜೋರಾಗಿ ಜಾಡಿಸಿ, ಆ ನೀರನ್ನು ಬಲೆಯಲ್ಲಿ ಸೋಸಿ, ಚೀಟಿಯ ಮೇಲೆ ಗಿಡದ ಹೆಸರನ್ನೂ ಬರೆಯಿರಿ, ಏಕೆಂದರೆ ಅಂತರಗಂಗೆಯ ಬೇರಿನಲ್ಲಿ ಇರುವವು ನೈದಿಲೆಯ ಎಲೆಯಡಿ ಇರಬೇಕೆಂದಿಲ್ಲ.

ಇನ್ನೊಂದು ಕೆಲಸವಿದೆ. ಮೇ ತಿಂಗಳಲ್ಲಿ ಅಂಚು ಒಣಗಿ ಬಿರುಕು ಬಿಟ್ಟಾಗ ಅಲ್ಲಿಂದ ಒಂದು ಬೊಗಸೆ ಮಣ್ಣು ತನ್ನಿ. ಕಷ್ಟಕಾಲ ಬಂದಾಗ ಡಾಫ್ನಿಯಾದಂತಹ ನೀರುಚಿಗಟಗಳು ಬೆನ್ನ ಮೇಲೆ ಕುದುರೆಯ ಜೀನಿನಂತಹ ಗಟ್ಟಿ ಪೆಟ್ಟಿಗೆ ಕಟ್ಟಿ ಅದರೊಳಗೆ ಮೊಟ್ಟೆಯಿಟ್ಟು ಹೋಗುತ್ತವೆ. ಎರಡು ಚಿಪ್ಪಿನ ಆಸ್ಟ್ರಕಾಡ್‌ಗಳಲ್ಲಿಯೂ ಒಣಗನ್ನು ತಡೆಯುವ ಮೊಟ್ಟೆಗಳಿವೆ. ಆ ಮಣ್ಣನ್ನು ಅಗಲವಾದ ಪಾತ್ರೆಯಲ್ಲಿ ಹರಡಿ ಸೋಸಿದ ಮಳೆನೀರು ಹಾಕಿ. ನಾನು ಮೊದಲ ಸಲ ಬಳಸಿದ್ದು ಮನೆಯ ಇಡ್ಲಿ ಪಾತ್ರೆ, ಅದು ಮತ್ತೆ ಅಡುಗೆಮನೆಗೆ ಮರಳಲಿಲ್ಲ. ಮೂರನೆಯ ದಿನ ಅದರಲ್ಲಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ಮೊದಲ ವಾರ ದಿನವೂ ನೋಡಿ ಬರೆದಿಡಿ. ಹತ್ತನೆಯ ದಿನ ನೋಡಿದರೆ ಪಾತ್ರೆ ತುಂಬ ಜೀವಿಗಳಿರುತ್ತವೆ, ಆದರೆ ಯಾವುದು ಮೊದಲು ಎದ್ದಿತು ಎಂಬುದು ತಿಳಿಯುವುದಿಲ್ಲ.