ಗುಡಿ ಬಿಚ್ಚಿ ಕಟ್ಟುವುದು ಹೇಗೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಈಜಿಪ್ಟಿನ ಅಬು ಸಿಂಬೆಲ್ ದೇವಾಲಯವನ್ನು ಗರಗಸದಿಂದ ಕೊಯ್ದು ಮೇಲಕ್ಕೆ ಸಾಗಿಸಿದರಂತೆ. ನಮ್ಮ ಹಳ್ಳದ ದಂಡೆಯ ಹಳೇ ಕಲ್ಲುಗುಡಿ ಹೊಸ ಕೆರೆಯಲ್ಲಿ ಮುಳುಗಲಿದೆ. ಅದನ್ನೂ ಹಾಗೇ ಕೊಯ್ಯಬೇಕೆ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಗರಗಸದ ಮಾತೇ ಬೇಡ. ಅಬು ಸಿಂಬೆಲ್ ಕಟ್ಟಿದ ಗುಡಿಯಲ್ಲ, ಅಜಂತದಂತೆ ಗುಡ್ಡದಲ್ಲಿ ಕೊರೆದದ್ದು. ಬಿಚ್ಚಲು ಸಂದೇ ಇಲ್ಲ, ಅದಕ್ಕೇ ಕೊಯ್ದರು. ನೈಲ್ ನದಿಯ ಹೊಸ ಅಸ್ವಾನ್ ಅಣೆಕಟ್ಟೆಯ ನೀರು ಏರುತ್ತಿದ್ದಾಗ, 1964ರಿಂದ 1968ರೊಳಗೆ, ಸಾವಿರಕ್ಕೂ ಹೆಚ್ಚು ತುಂಡು ಮಾಡಿ 65 ಮೀಟರ್ ಎತ್ತರಕ್ಕೆ ಒಯ್ದರು. ಒಂದೊಂದು ತುಂಡು 20–30 ಟನ್. ಮರಳುಗಲ್ಲು ಮೆದು, ಹಗ್ಗ ಸುತ್ತಿ ಎತ್ತಿದರೆ ಅಂಚು ಉದುರುತ್ತದೆ. ಆದ್ದರಿಂದ ತುಂಡಿನ ನೆತ್ತಿಯಲ್ಲಿ ರಂಧ್ರ ಕೊರೆದು, ಉಕ್ಕಿನ ಸರಳನ್ನು ರಾಳದಿಂದ ಅಂಟಿಸಿ, ಅದನ್ನೇ ಹಿಡಿದು ಎತ್ತಿದರು.

ನಿಮ್ಮದು ಕಂಬ, ತೊಲೆ, ಚಪ್ಪಡಿ ಜೋಡಿಸಿದ ಗುಡಿಯಾದರೆ ಅದರ ಜಾತಿ ಈಜಿಪ್ಟಿನದೇ ಇನ್ನೊಂದು ಗುಡಿ ಕಲಾಬ್ಶಾದ್ದು. ಜರ್ಮನ್ನರು 1961–63ರಲ್ಲಿ ಆ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿದರು. ಹಾಗೆ ಬಿಚ್ಚಿದಾಗಲೇ ಒಳಗೆ ಇನ್ನೂ ಹಳೆಯ ಕಟ್ಟಡದ ಕಲ್ಲುಗಳು ಸಿಕ್ಕಿದ್ದು. ಆ ಹಳೆಯ ಕಟ್ಟಡದ ದ್ವಾರ ಈಗ ಬರ್ಲಿನ್‌ನಲ್ಲಿದೆ. ಆದ್ದರಿಂದ ನಿಮ್ಮಲ್ಲೂ ತಳಪಾಯದ ಕಲ್ಲನ್ನು ಜೆಸಿಬಿಗೆ ಕೊಡಬೇಡಿ. ಶಾಸನದ ಮಗ್ಗುಲು ಒಳಮುಖವಾಗಿ ಇದ್ದೀತು.

ಮೊದಲು ಪುರಾತತ್ವ ಇಲಾಖೆಯ ಅನುಮತಿ. ಆಮೇಲೆ ನಾಲ್ಕೂ ಗೋಡೆ, ನೆಲ, ಸೂರಿನ ಅಳತೆ ನಕ್ಷೆ; ಪ್ರತಿ ಕಲ್ಲಿಗೂ ವರಸೆ ಸಂಖ್ಯೆ, ಆ ವರಸೆಯಲ್ಲಿ ಎಷ್ಟನೆಯ ಕಲ್ಲು ಎಂಬ ಸಂಖ್ಯೆ. ಸಂಖ್ಯೆಯನ್ನು ಕೆತ್ತನೆಯ ಮೇಲೆ ಬರೆಯಬೇಡಿ, ಎಣ್ಣೆ ಬಣ್ಣ ಕಲೆಯಾಗಿ ಉಳಿಯುತ್ತದೆ. ಮರೆಯಾಗುವ ಮಗ್ಗುಲಿಗೆ ಬರೆಯಿರಿ. ಬಿಚ್ಚುವುದು ಶಿಖರದಿಂದ ಕೆಳಕ್ಕೆ. ಹಾರೆ ಹಾಕಿ ಮೀಟಿದರೆ ಅಂಚು ಸಿಡಿಯುತ್ತದೆ, ಮರದ ಬೆಣೆ ಬಳಸಿ. ಹೆಚ್ಚು ಮುರಿಯುವುದು ತೊಲೆಗಳೇ. ಕಲ್ಲು ಒತ್ತಡ ತಾಳುತ್ತದೆ, ಬಾಗುವುದನ್ನು ತಾಳದು. ಗ್ರಾನೈಟಿನ ತೂಕ ಘನ ಅಡಿಗೆ ಸುಮಾರು 75 ಕೆ.ಜಿ. ಹತ್ತು ಅಡಿ ಉದ್ದ, ಒಂದೂವರೆ ಅಡಿ ಚಚ್ಚೌಕದ ತೊಲೆ 1.7 ಟನ್ ಹತ್ತಿರ ತೂಗುತ್ತದೆ. ಅದನ್ನು ನಡುವೆ ಒಂದೇ ಪಟ್ಟಿ ಕಟ್ಟಿ ಎತ್ತಬೇಡಿ. ಎರಡೂ ತುದಿಯಿಂದ ಎರಡೆರಡು ಅಡಿ ಒಳಗೆ, ಗೋಣಿಚೀಲ ಸುತ್ತಿ, ಎರಡು ಪಟ್ಟಿ ಕಟ್ಟಿ.

ಹೊಸ ಜಾಗ ಎರೆಭೂಮಿಯಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆ ಸಂದು ಬಿಡುತ್ತದೆ. ಎರೆ ತೆಗೆದು ಗಟ್ಟಿ ನೆಲ ಮುಟ್ಟುವವರೆಗೆ ಅಗೆಸಿ. ಸಂದಿಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ ಸಾಕು.

ಪ್ರಶ್ನೆ: ಕಲ್ಲು ನೀರಲ್ಲಿದ್ದರೆ ಏನು ಕೆಡುತ್ತದೆ?
– ಓದುಗರು, ಹರಿಹರ

ಉತ್ತರ: ಸದಾ ಮುಳುಗಿದ ಭಾಗಕ್ಕಿಂತ, ನೆನೆದು ಒಣಗುವ ಭಾಗ ಬೇಗ ಕೆಡುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಮೇಲ್ಪದರ ಸಿಪ್ಪೆಯಂತೆ ಏಳುತ್ತದೆ. 1902ರಲ್ಲಿ ಮುಗಿದ ಹಳೆಯ ಅಸ್ವಾನ್ ಅಣೆಕಟ್ಟೆಯಿಂದಾಗಿ ಫಿಲೆ ದ್ವೀಪದ ಗುಡಿಗಳು ಪ್ರತಿವರ್ಷ ತಿಂಗಳುಗಟ್ಟಲೆ ಮುಳುಗಿ, ಗೋಡೆಯ ಬಣ್ಣವೆಲ್ಲ ಹೋಯಿತು. 1970ರ ದಶಕದಲ್ಲಿ ಸುತ್ತಲೂ ಒಡ್ಡು ಹಾಕಿ, ನೀರು ಬಸಿದು, ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಒಯ್ದರು. ಬಣ್ಣ ಮಾತ್ರ ಮತ್ತೆ ಬರಲಿಲ್ಲ.